ಆಸ್ಟ್ರೇಲಿಯದ ಕಾಲ್ಚೆಂಡಾಟದ ಕುಳ್ಳ ಕಾವಲುಗಾರ

ಕ್ರಿಕೆಟ್ಟಿನ ಸುದ್ದಿಯನ್ನು ಓದುವ ಅಭ್ಯಾಸವುಳ್ಳ ಮನೆಗಳಲ್ಲಿ ಮೆಲ್ಬೋರ್ನ್ ನಗರದ ದೊಡ್ಡ ಮೈದಾನದ ಹೆಸರನ್ನು ಕೇಳದವರು ವಿರಳ. ೧೯೭೭ರ ಕೊನೆಯಲ್ಲಿ ಆರಂಭವಾದ ಟೆಸ್ಟ್ ಪಂದ್ಯದಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರರು ಎರಡು ಸರದಿಗಳಲ್ಲಿಯೂ ೫೨ ಓಟಗಳಿಗೆ ಆರಾರು ವಿಕೆಟ್ಟುಗಳನ್ನು ಉರುಳಿಸಿದುದು ಅಲ್ಲಿಯೇ. ೧೯೮೧ರಲ್ಲಿ ಭದ್ರಾವತಿಯ ಜಿ. ಆರ್. ವಿಶ್ವನಾಥರು ೧೧೪ ಓಟಗಳನ್ನು ಹೊಡೆದು ಕುಸಿಯುತ್ತಿದ್ದ ಪಕ್ಷವನ್ನು ಎತ್ತಿ ನಿಲ್ಲಿಸಿದುದೂ ಅಲ್ಲಿಯೇ. ಆದರೆ ಆ ಮೈದಾನವು ಕ್ರಿಕೆಟ್ಟಿಗೆ ಬೇಸಗೆಯ ಬಿಡಾರ ಮಾತ್ರ. ಚಳಿಗಾಲ ಬಂದಿತೆಂದರೆ ಅದೇ ಹುಲ್ಲಿನ ಮೇಲೆ ಆ ದೇಶಕ್ಕೇ ವಿಶಿಷ್ಟವಾದ ಮತ್ತೊಂದು ಆಟ ನಡೆಯುವುದು. ಅದಕ್ಕೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂದು ಹೆಸರು. ಅಲ್ಲಿಯವರು ಸಲುಗೆಯಿಂದ ಫುಟಿ ಎನ್ನುವರು. ಅದರಲ್ಲಿ ಗೋಲು ಹೊಡೆಯುವವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಗೋಲು ಆಗದಂತೆ ನೋಡಿಕೊಳ್ಳುವ ಕುಳ್ಳನೊಬ್ಬನಿರುವನು. ಅವನ ಚಿತ್ರ ಬರುವುದು ಸಾಮಾನ್ಯವಾಗಿ ಅವನು ತಪ್ಪಿದ ದಿನ. ಅವನನ್ನೇ ಇಂದು ವಾಚಕರ ಮುಂದೆ ನಿಲ್ಲಿಸಬೇಕೆಂಬುದು ನಮ್ಮ ಅಭಿಲಾಷೆ.

ಮೊದಲು ಆಟದ ಸ್ವರೂಪವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ೧೮೫೮ನೆಯ ಜುಲೈ ತಿಂಗಳಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಕಾಲ್ಚೆಂಡಿನ ಕೂಟವೊಂದನ್ನು ಕಟ್ಟಬೇಕೆಂದು ಮೆಲ್ಬೋರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದನು. ಮರುವರ್ಷ ಮೇ ತಿಂಗಳಲ್ಲಿ ಅವನೂ ಅವನ ಸಂಗಡಿಗರೂ ಕೂಡಿ ಕುಳಿತು ನಿಯಮಗಳನ್ನು ಬರೆದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ತನ್ನ ನಿಯಮಗಳನ್ನು ಬರೆದದ್ದು ೧೮೬೩ರಲ್ಲಿ; ಆದುದರಿಂದ ವಯಸ್ಸಿನಲ್ಲಿ ಈ ಆಟ ಕಿರಿಯದೇನೂ ಅಲ್ಲ. ಅಂಗಳವು ಅಂಡಾಕಾರ, ಉದ್ದ ೧೩೫ರಿಂದ ೧೮೫ ಮೀಟರು, ಅಗಲ ೧೧೦ರಿಂದ ೧೫೫ ಮೀಟರು. ಚೆಂಡೂ ಅಂಡಾಕಾರವೇ. ಒಂದೊಂದು ಪಕ್ಷಕ್ಕೆ ಹದಿನೆಂಟು ಮಂದಿ. ಇಪ್ಪತ್ತಿಪ್ಪತ್ತು ನಿಮಿಷಗಳ ನಾಲ್ಕು ಭಾಗಗಳು. ಆಟ ನಿಂತ ಹೊತ್ತನ್ನೂ ಕೂಡಿಸಿದರೆ ಒಂದೊಂದು ಭಾಗವೂ ಅರ್ಧ ಗಂಟೆಯ ಸುಮಾರಿಗೆ ಹೋಗುವುದು. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು ನೆಟ್ಟಿರುವುವು. ನಡುವಿನ ಎರಡು ಎತ್ತರದ ಕಂಬಗಳ ನಡುವೆ, ಒದ್ದ ಚೆಂಡು ಯಾರ ಕೈಯನ್ನೂ ಸೋಕದೆ ಹೋದರೆ ಅದು ಗೋಲು. ಅದಕ್ಕೆ ಆರು ಅಂಕ. ಪಕ್ಕದ ಗಿಡ್ಡ ಕಂಬಗಳೊಳಗೆ ಹೋದರೆ, ಅಥವಾ ರಕ್ಷಕರ ಕೈ ಸೋಕಿ ಒಳಹೊಕ್ಕರೆ ಒಂದೇ ಅಂಕ; ಅದಕ್ಕೆ ಬಿಹೈಂಡ್ ಎಂದು ಹೆಸರು. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು, ಇಲ್ಲವೆ ಒಂದು ಕೈಯಲ್ಲಿಟ್ಟು ಮತ್ತೊಂದರ ಮುಷ್ಟಿಯಿಂದ ಗುದ್ದಬೇಕು. ೧೫ ಮೀಟರಾದರೂ ಹಾರಿಬಂದ ಒದೆತವನ್ನು ನೆಲಕ್ಕೆ ಬೀಳುವುದಕ್ಕೆ ಮುಂಚೆ ಹಿಡಿದರೆ ಅದು ಮಾರ್ಕ್. ಹಿಡಿದವನು ಯಾರ ಅಡ್ಡಿಯೂ ಇಲ್ಲದೆ ನಿಧಾನವಾಗಿ ಗುರಿಯಿಟ್ಟು ಒದೆಯಬಹುದು. ಆಫ್‌ಸೈಡ್ ಎಂಬ ಕಟ್ಟಳೆಯೇ ಇಲ್ಲ. ಆಟ ನಡೆಯುತ್ತಿರುವಾಗ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು.

ಈ ಕೊನೆಯ ಮಾತನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕಳ್ಳನು ಬಾಗಿಲಿನ ಹೊರಗೇ ನಿಲ್ಲಬೇಕೆಂಬ ಕಟ್ಟಳೆ ಇದ್ದರೆ ಕಾವಲುಗಾರನಿಗೆ ಅರ್ಧ ಕೆಲಸ ತಪ್ಪಿತು. ಇಲ್ಲಿಯಾದರೋ ಕಳ್ಳನು ಹಗಲೆಲ್ಲ ಮನೆಯ ನಡುಮನೆಯಲ್ಲಿಯೇ ನಿಂತಿರಬಹುದು. ಸೊತ್ತು ಕೈಗೆ ಬರುವವರೆಗೆ ಅವನನ್ನು ಯಾರೂ ಹೊರಕ್ಕೆ ಕಳುಹಿಸುವಂತಿಲ್ಲ. ಅವನ ಪಕ್ಕದಲ್ಲಿ ನಿಂತಿರುವುದೊಂದೇ ದಾರಿ.

ಹಳೆಯ ಪದ್ಧತಿಯಂತೆ ಗೋಲಿನ ಮುಂದೆ ಕೊನೆಯ ಸಾಲಿನಲ್ಲಿ ಮೂವರು ರಕ್ಷಕರು. ನಡುವಿನವನು ಫುಲ್ ಬ್ಯಾಕ್. ಅವನು ಎತ್ತರದವನು, ಎದುರು ಪಕ್ಷದ ಎತ್ತರದವನನ್ನು ಕಾಯತಕ್ಕವನು. ಗೋಲಿನ ಎಡಬಲಗಳಲ್ಲಿ ಗಡಿಗೆರೆಯು ಬಾಗಿ ಬಂದು ಸೇರುವ ಮೂಲೆಗಳಿಗೆ ಪಾಕೆಟ್, ಎಂದರೆ ಜೇಬು, ಎಂದು ಹೆಸರು. ಅಲ್ಲಿ ನಿಲ್ಲುವವನು ಬ್ಯಾಕ್ ಪಾಕೆಟ್. ಈಗಿನ ಆಟದಲ್ಲಿ ಸ್ಥಾನಗಳು ಅಷ್ಟು ಕಟ್ಟುನಿಟ್ಟಾಗಿ ಉಳಿದಿಲ್ಲವಾದರೂ ಕೆಲಸವಂತೂ ಹಾಗೆಯೇ ಇದೆ: ಎದುರು ಪಕ್ಷದ ಕುಳ್ಳನೂ ಚುರುಕಿನವನೂ ಆದ ಗೋಲುಗಾರನನ್ನು ಸುಮಾರು ಎರಡು ಗಂಟೆಗಳ ಕಾಲ ನೆರಳಿನಂತೆ ಹಿಂಬಾಲಿಸುವುದು. ಕುಳ್ಳನೆಂದರೆ ನಮ್ಮ ಬೀದಿಯ ಅಳತೆಯಲ್ಲಲ್ಲ. ೧೮೦ ಸೆಂಟಿಮೀಟರಿನವನನ್ನೂ ಅಲ್ಲಿ ಕುಳ್ಳರ ಪಂಕ್ತಿಯಲ್ಲಿಯೇ ಕೂಡಿಸುವರು. ಎತ್ತರದವರು ಎರಡು ಮೀಟರಿನ ಹತ್ತಿರ ಇರುವಾಗ ಮತ್ತೇನು ಮಾಡಿಯಾರು! ಬ್ಯಾಕ್ ಪಾಕೆಟ್ಟಿನವನನ್ನು ಅಲ್ಲಿಯ ಜನ ವಿನೋದವಾಗಿ ‘ಬ್ಯಾಕ್ ಪಾಕೆಟ್ ಪ್ಲಂಬರ್’ ಎಂದು ಕರೆಯುವುದುಂಟು. ಸೋರುವುದನ್ನು ನಿಲ್ಲಿಸಿ, ಕೈ ಒರಸಿಕೊಂಡು, ಸದ್ದಿಲ್ಲದೆ ಹೊರಟುಹೋಗುವ ನಲ್ಲಿಯ ಕೆಲಸದವನಂತೆ ಅವನು ಎಂಬ ಅಭಿಪ್ರಾಯವಿದ್ದರೂ ಇರಬಹುದು. ಮಹಾಭಾರತವನ್ನು ಓದಿದವರಿಗೆ ಯುಧಾಮನ್ಯು ಉತ್ತಮೌಜರ ಹೆಸರುಗಳು ನೆನಪಿಗೆ ಬರಬಹುದು. ಅರ್ಜುನನ ರಥದ ಚಕ್ರಗಳನ್ನು ಎಡಬಲಗಳಲ್ಲಿ ಕಾಯುತ್ತಿದ್ದವರು ಅವರು. ಗಾಂಡೀವದ ಟಂಕಾರವನ್ನು ಕೇಳದವರಿಲ್ಲ. ಚಕ್ರರಕ್ಷಕರ ಹೆಸರನ್ನು ಕೇಳಿದರೆ ಶಾಲೆಯಲ್ಲಿ ನೂರಕ್ಕೆ ಇಬ್ಬರು ಹೇಳುತ್ತಿದ್ದರು.

ಈತನ ಎದುರಾಳಿಯು ಎಂತಹವನೆಂಬುದನ್ನು ತಿಳಿಯದೆ ಈತನ ಬೆಲೆ ತಿಳಿಯುವಂತಿಲ್ಲ. ಚೆಂಡು ದೂರದಿಂದ ಎತ್ತರವಾಗಿ ಹಾರಿ ಬರುವುದು. ಎತ್ತರದವರು ನಾಲ್ಕೈದು ಮಂದಿ ಒಬ್ಬರ ಮೇಲೊಬ್ಬರು ಹಾರುವರು. ಬಹುಸಲ ಯಾರಿಗೂ ಅದು ದಕ್ಕದೆ ಬೆರಳ ತುದಿಗಳಿಂದ ಜಾರಿ ಕೆಳಕ್ಕೆ ಬೀಳುವುದು. ಕುಳ್ಳ ಗೋಲುಗಾರನು ಹಾರುವುದೇ ಇಲ್ಲ. ಆ ಗುಂಪಿನ ಕಾಲಬುಡದಲ್ಲಿ ನಿಂತು, ಉದುರಿದ ಚೆಂಡನ್ನು ಕಾಳು ಆಯುವ ಹಕ್ಕಿಯಂತೆ ಆಯ್ದುಕೊಂಡು, ಎರಡು ಹೆಜ್ಜೆ ಓಡಿ ಒದ್ದುಬಿಡುವನು. ಈ ವಿದ್ಯೆಯಲ್ಲಿ ಎಡ್ಡಿ ಬೆಟ್ಸ್ ಎಂಬವನು ಅಗ್ರಗಣ್ಯರಲ್ಲೊಬ್ಬ. ಆಸ್ಟ್ರೇಲಿಯದ ಆದಿನಿವಾಸಿಗಳ ವಂಶದವನು. ಕಾರ್ಲ್‌ಟನ್ ಮತ್ತು ಅಡಿಲೇಡ್ ತಂಡಗಳಿಗೆ ಆಡಿ ೨೦೨೧ರಲ್ಲಿ ನಿವೃತ್ತನಾಗುವ ಹೊತ್ತಿಗೆ ೩೫೦ ಪಂದ್ಯಗಳಲ್ಲಿ ೬೪೦ ಗೋಲುಗಳನ್ನು ಹೊಡೆದಿದ್ದನು. ವರ್ಷದ ಅತ್ಯುತ್ತಮ ಗೋಲಿಗಾಗಿ ಕೊಡುವ ಪ್ರಶಸ್ತಿಯನ್ನು ನಾಲ್ಕು ಸಲ ಪಡೆದನು. ಗೋಲಿನ ಬಾಯಿಯೇ ಕಾಣದಂತಹ ಮೂಲೆಯಿಂದ ಚೆಂಡನ್ನು ಬಾಗಿಸಿ ಒಳಕ್ಕೆ ಕಳುಹಿಸುತ್ತಿದ್ದುದರಿಂದ ಅಡಿಲೇಡಿನ ಮೈದಾನದ ಒಂದು ಮೂಲೆಗೆ ಜನರು ಅವನ ಹೆಸರನ್ನೇ ಇಟ್ಟರು. ಇಂತಹವನನ್ನು ಕಾಯಬೇಕಾದವನ ರಾತ್ರಿಯ ನಿದ್ರೆ ಹೇಗಿದ್ದಿತೋ!

ಈಗ ಮುಖ್ಯ ವಿಷಯಕ್ಕೆ ಬರೋಣ. ಕುಳ್ಳ ರಕ್ಷಕನಲ್ಲಿ ನಂಬಿಕೆಗೆ ಅರ್ಹನಾದವನು ಯಾರು? ಓಟದಲ್ಲಿ ವೇಗವುಳ್ಳವನೆಂದು ಹೊರಗಿನವರು ಹೇಳುವರು. ವೇಗ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಎದುರಾಳಿಯೂ ವೇಗದವನೇ. ಅವನಿಗೆ ಎತ್ತ ಓಡುವೆನೆಂಬುದು ಮೊದಲೇ ಗೊತ್ತು, ರಕ್ಷಕನಿಗೆ ಗೊತ್ತಿಲ್ಲ. ಆದುದರಿಂದ ಬರಿಯ ಓಟದಲ್ಲಿ ರಕ್ಷಕನು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಆ ಹೆಜ್ಜೆಯನ್ನು ನಿಲುವಿನಿಂದ ಗಳಿಸಬೇಕಲ್ಲದೆ ಕಾಲಿನಿಂದಲ್ಲ.

ನಿಲುವಿನ ಕಷ್ಟವನ್ನು ಸ್ವಲ್ಪ ವಿವರಿಸಬೇಕಾಗಿದೆ. ರಕ್ಷಕನು ಎದುರಾಳಿಗೂ ಗೋಲಿಗೂ ನಡುವೆ ನಿಲ್ಲಬೇಕೆಂಬುದು ಮೊದಲ ಪಾಠ. ಹಾಗೆ ನಿಂತರೆ ಚೆಂಡು ಗುಂಪಿನ ಮುಂದುಗಡೆ ಉದುರಿದಾಗ ಎದುರಾಳಿಯೇ ಅದಕ್ಕೆ ಹತ್ತಿರ. ಮುಂದೆ ಹೋಗಿ ನಿಂತರೆ ಚೆಂಡು ತಲೆಯ ಮೇಲೆ ಹಾರಿ ಹಿಂದಕ್ಕೆ ಬಿದ್ದಾಗ ಎದುರಾಳಿಯೂ ಬರಿದಾದ ಗೋಲೂ ಮುಖಾಮುಖಿ. ಆದುದರಿಂದ ಒಳ್ಳೆಯ ರಕ್ಷಕನು ಹಿಂದೆಯೂ ಅಲ್ಲ, ಮುಂದೆಯೂ ಅಲ್ಲ, ಪಕ್ಕಕ್ಕೆ ಓರೆಯಾಗಿ ನಿಲ್ಲುವನು. ಕಣ್ಣು ಚೆಂಡಿನ ಮೇಲೆ; ಎದುರಾಳಿ ಎಲ್ಲಿರುವನೆಂಬುದನ್ನು ಮುಂಗೈಯ ಸ್ಪರ್ಶದಿಂದ ತಿಳಿಯುವನು. ಈ ಸ್ಪರ್ಶವೇ ಇಡೀ ವಿದ್ಯೆಯ ಗುಟ್ಟು. ಮುಟ್ಟಬಹುದು, ಹಿಡಿಯುವಂತಿಲ್ಲ. ಬೆರಳುಗಳನ್ನು ಮಡಿಸಿ ಅಂಗಿಯನ್ನು ಹಿಡಿದನೋ, ಬೆನ್ನಿಗೆ ಕೈಯಿಟ್ಟು ನೂಕಿದನೋ, ಅಂಪೈರನ ಸೀಟಿ ಕೂಗುವುದು. ಎದುರಾಳಿಗೆ ಗೋಲಿನ ಹತ್ತಿರದಿಂದಲೇ ನಿರಾತಂಕವಾದ ಒದೆತ ದೊರೆಯುವುದು. ಅಲ್ಲಿಂದ ತಪ್ಪುವುದು ಅಪರೂಪ. ಹೀಗೆ ಒಂದು ಬೆರಳಿನ ಮಡಿಕೆಗೆ ಆರು ಅಂಕಗಳ ದಂಡ. ದಣಿದ ಹೊತ್ತಿನಲ್ಲಿ, ನಾಲ್ಕನೆಯ ಭಾಗದ ಕೊನೆಯಲ್ಲಿ, ಎದುರಾಳಿ ತಪ್ಪಿಸಿಕೊಂಡು ಹೋಗುತ್ತಿರುವಾಗ ಆ ಬೆರಳನ್ನು ಮಡಿಸದೆ ಇರಬಲ್ಲವನನ್ನು ನಾವು ಜಿತೇಂದ್ರಿಯನೆಂದರೆ ಅತಿಶಯೋಕ್ತಿಯಾಗದು.

ನಿವೃತ್ತರಾದ ಮೇಲೆ ನಾವು ಮೆಲ್ಬೋರ್ನಿನಲ್ಲಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆವು. ಹತ್ತಿರದ ಬಯಲಿನಲ್ಲಿ ಭಾನುವಾರ ಬೆಳಗ್ಗೆ ಹತ್ತು ಹನ್ನೆರಡು ವರ್ಷದ ಮಕ್ಕಳು ಈ ಆಟವನ್ನಾಡುವರು. ಅಲ್ಲಿ ಗಮನಿಸಿದ ಸಂಗತಿಯೇನೆಂದರೆ, ಎಲ್ಲ ಮಕ್ಕಳೂ ಚೆಂಡಿನ ಹಿಂದೆ ಜೇನುಹುಳುಗಳಂತೆ ಹೋಗುತ್ತಿರಲು, ಯಾವನೋ ಒಬ್ಬ ಹುಡುಗನು ಮಾತ್ರ ಗೋಲಿನ ಹತ್ತಿರ ಎದುರಿನ ಹುಡುಗನೊಬ್ಬನ ಪಕ್ಕದಲ್ಲಿ ನಿಂತಿರುವನು. ತಂದೆತಾಯಿಗಳು ಚೆಂಡಿನ ಕಡೆಗೆ ಕೂಗುವರು. ಅವನ ಹೆಸರನ್ನು ಯಾರೂ ಕೂಗರು. ನಮಗೆ ಸಂಸ್ಕೃತ ಶಬ್ದಗಳನ್ನು ಕಲಿಸಿ ಅಭ್ಯಾಸವಾದುದರಿಂದಲೋ ಏನೋ, ಸುಮ್ಮನೆ ನಿಲ್ಲಲು ಒಪ್ಪುವ ಹುಡುಗನನ್ನು ಕಂಡರೆ ಮೊದಲಿನಿಂದಲೂ ಪಕ್ಷಪಾತ.

ಚೆಂಡು ನೆಲದ ಮೇಲಿದ್ದು ಎದುರಾಳಿಯ ಕೈಗೆ ಹೋಯಿತೆನ್ನಿ. ಆಗ ಅನುಭವವಿಲ್ಲದವನು ಅವನ ಮೇಲೆ ಹಾರಿ ಬೀಳುವನು. ಎದುರಾಳಿಯು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವನು. ರಕ್ಷಕನು ಹುಲ್ಲಿನ ಮೇಲೆ, ಚೆಂಡು ಗೋಲಿನಲ್ಲಿ. ಅನುಭವಿಯು ಕಾಲುಗಳನ್ನು ನೆಲದಿಂದ ಬಿಡನು. ಮೈಯನ್ನು ತಗ್ಗಿಸಿ, ಕೈಗಳನ್ನು ಚಾಚಿ, ಎದುರಾಳಿಯನ್ನು ಗಡಿಗೆರೆಯ ಕಡೆಗೆ ಮೆಲ್ಲನೆ ಒತ್ತಿಕೊಂಡು ಹೋಗುವನು. ಇದರಲ್ಲಿ ಒಂದು ಲೆಕ್ಕವಿದೆ. ಗೋಲಿನ ಕಂಬಗಳ ನಡುವಣ ಅಂತರ ೬.೪ ಮೀಟರು. ನೇರ ಎದುರಿಗೆ ನಿಂತವನಿಗೆ ಅಷ್ಟೂ ತೆರೆದಿರುವುದು. ಗೋಲಿನ ಗೆರೆಗೆ ಹದಿನೈದು ಡಿಗ್ರಿಯ ಕೋನದಲ್ಲಿ, ಮೂಲೆಯಲ್ಲಿ ನಿಂತವನಿಗೆ ಅದೇ ಬಾಯಿ ಒಂದೂ ಮುಕ್ಕಾಲು ಮೀಟರಿಗಿಂತ ಕಡಮೆಯಾಗಿ ತೋರುವುದು. ಮನೆಯಲ್ಲಿ ತ್ರಿಕೋನಮಿತಿ ಓದುತ್ತಿರುವ ಮಕ್ಕಳಿದ್ದರೆ ಲೆಕ್ಕಮಾಡಿ ನೋಡಬಹುದು. ರಕ್ಷಕನು ಚೆಂಡನ್ನು ಕಿತ್ತುಕೊಳ್ಳಲಿಲ್ಲ. ಆದರೆ ಗೋಲನ್ನು ಮುಕ್ಕಾಲುಪಾಲು ಮುಚ್ಚಿದನು. ಅಷ್ಟರಲ್ಲಿ ಅವನ ಕಡೆಯ ಮತ್ತೊಬ್ಬನು ಓಡಿ ಬಂದು ಸೇರುವನು.

ಒಂದು ಅಂಕವನ್ನು ಕೊಟ್ಟು ಆರನ್ನು ಉಳಿಸುವ ವಿವೇಕವೂ ಅವನಲ್ಲಿರಬೇಕು. ರಕ್ಷಕನ ಕೈ ಸೋಕಿ ಒಳಗೆ ಹೋದ ಚೆಂಡಿಗೆ ಒಂದೇ ಅಂಕವಷ್ಟೆ? ಅದಲ್ಲದೆ ಬಿಹೈಂಡ್ ಆದ ಮೇಲೆ ಚೆಂಡು ರಕ್ಷಕರಿಗೇ ಬರುವುದು. ಇಕ್ಕಟ್ಟಿನಲ್ಲಿ ಸಿಕ್ಕಿದವನು ಚೆಂಡನ್ನು ತಾನೇ ಗೆರೆಯಾಚೆಗೆ ನೂಕುವುದು ಹಿಂದಿನಿಂದ ಬಂದ ಉಪಾಯ. ೨೦೦೮ರ ಮಹಾಪಂದ್ಯದಲ್ಲಿ ಹಾಥಾರ್ನ್ ತಂಡದವರು ಗೀಲಾಂಗಿನ ವಿರುದ್ಧ ಇದನ್ನು ಹನ್ನೊಂದು ಸಲ ಮಾಡಿ, ೨೬ ಅಂಕಗಳಿಂದ ಗೆದ್ದರು. ನೋಡಿದವರಿಗೆ ಅದು ರುಚಿಸಲಿಲ್ಲ. ೨೦೦೯ರಿಂದ, ಎದುರಾಳಿಯ ಒತ್ತಡವಿಲ್ಲದೆ ಬೇಕೆಂದೇ ಹಾಗೆ ನೂಕಿದವನ ವಿರುದ್ಧ ಒದೆತವನ್ನು ಕೊಡುವ ನಿಯಮ ಬಂದಿತು. ಈಗ ರಕ್ಷಕನು ಅರೆಕ್ಷಣದಲ್ಲಿ ನ್ಯಾಯಾಧೀಶನೂ ಆಗಬೇಕು: ನನ್ನ ಮೇಲೆ ಒತ್ತಡವಿದೆಯೆ, ಇದೆಯೆಂದು ಅಂಪೈರನಿಗೆ ತೋರುವುದೆ?

ಇನ್ನು ಎಲ್ಲಕ್ಕಿಂತಲೂ ಕಷ್ಟವಾದುದು, ತನ್ನ ಎದುರಾಳಿಯನ್ನು ಬಿಟ್ಟು ಹೋಗತಕ್ಕ ಕಾಲವನ್ನು ಅರಿಯುವುದು. ಬಿಡದವನು ನಿಷ್ಠನೆಂಬುದೇನೋ ಸರಿ. ಆದರೆ ಪಕ್ಕದ ಮನೆಗೆ ಬೆಂಕಿ ಬಿದ್ದಾಗಲೂ ತನ್ನ ಬಾಗಿಲಲ್ಲೇ ಕುಳಿತವನನ್ನು ಒಳ್ಳೆಯ ಕಾವಲುಗಾರನೆಂದು ಯಾರು ಹೇಳುವರು? ೨೦೧೦ರಲ್ಲಿ ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡ ತಂಡಗಳ ಮಹಾಪಂದ್ಯವು ಸಮವಾಗಿ ಮುಗಿದು, ಮುಂದಿನ ವಾರ ಮತ್ತೆ ಆಡಬೇಕಾಯಿತು. ಮರುಪಂದ್ಯದ ಮೊದಲ ಭಾಗದಲ್ಲಿ ಸೇಂಟ್ ಕಿಲ್ಡದ ನಾಯಕ ನಿಕ್ ರೀವೋಲ್ಟನು ಬರಿದಾದ ಗೋಲಿನ ಮುಂದೆ ಚೆಂಡನ್ನು ಹಿಡಿದು ಒದೆಯಲು ಅಣಿಯಾದನು. ಅವನ ಹಿಂದಿನಿಂದ ಹೀತ್ ಷಾ ಎಂಬ ರಕ್ಷಕನು ಸದ್ದಿಲ್ಲದೆ ಓಡಿಬಂದು, ಮೈಯನ್ನು ಉದ್ದಕ್ಕೆ ಚೆಲ್ಲಿ, ಪಾದದಿಂದ ಏಳುತ್ತಿದ್ದ ಚೆಂಡನ್ನು ಕೈಗಳಿಂದ ಅದುಮಿಬಿಟ್ಟನು. ಇದಕ್ಕೆ ಸ್ಮದರ್ ಎಂದು ಹೆಸರು. ಗೋಲಾಗಲಿಲ್ಲ. ಆ ದಿನ ಕಾಲಿಂಗ್‌ವುಡ್ ೫೬ ಅಂಕಗಳಿಂದ ಗೆದ್ದಿತಾದುದರಿಂದ ಆ ಆರು ಅಂಕಗಳು ಲೆಕ್ಕಕ್ಕೆ ಬಾರವೆಂದು ಗಣಿತಜ್ಞರು ಹೇಳಬಹುದು. ಜನರು ಆ ಪಂದ್ಯವನ್ನು ನೆನೆದರೆ ಇಂದಿಗೂ ಮೊದಲು ಹೇಳುವ ಸಂಗತಿಗಳಲ್ಲಿ ಅದೂ ಒಂದು.

೨೦೦೫ರ ಸೆಪ್ಟೆಂಬರಿನಲ್ಲಿ ನಡೆದುದು ಇದಕ್ಕಿಂತಲೂ ವಿಚಿತ್ರ. ಸಿಡ್ನಿ ತಂಡವು ೧೯೩೩ರಿಂದ, ಎಂದರೆ ಸೌತ್ ಮೆಲ್ಬೋರ್ನ್ ಎಂಬ ಹೆಸರಿನಲ್ಲಿದ್ದ ಕಾಲದಿಂದ, ಒಮ್ಮೆಯೂ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಮಹಾಪಂದ್ಯದ ಕೊನೆಯ ಕ್ಷಣಗಳು. ವೆಸ್ಟ್ ಕೋಸ್ಟಿನ ಮೇಲೆ ನಾಲ್ಕು ಅಂಕಗಳ ಮುನ್ನಡೆ. ಒಂದು ಗೋಲಾದರೆ ಎಲ್ಲವೂ ಹೋಯಿತು. ವೆಸ್ಟ್ ಕೋಸ್ಟಿನ ಡೀನ್ ಕಾಕ್ಸನು ಗೋಲಿನ ಕಡೆಗೆ ಉದ್ದವಾಗಿ ಒದ್ದನು. ಎತ್ತರದವರು ಗುಂಪಾಗಿ ಹಾರಿದರು. ಆ ಗುಂಪಿನೊಳಕ್ಕೆ ೧೮೪ ಸೆಂಟಿಮೀಟರಿನ ಲಿಯೊ ಬ್ಯಾರಿಯು ಪಕ್ಕದಿಂದ ಹಾರಿ ಬಂದು ಎಲ್ಲರ ತಲೆಯ ಮೇಲೆ ಚೆಂಡನ್ನು ಎರಡು ಕೈಗಳಿಂದ ಹಿಡಿದನು. ಎಪ್ಪತ್ತೆರಡು ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು. ಶಾಸ್ತ್ರದ ಪ್ರಕಾರ ನೋಡಿದರೆ ಅವನು ಮಾಡಿದುದು ಸರಿಯಲ್ಲ. ಸಂದೇಹವಿದ್ದಲ್ಲಿ ಹಿಡಿಯಲು ಹೋಗಬೇಡ, ಮುಷ್ಟಿಯಿಂದ ಗುದ್ದಿ ದೂರ ಕಳುಹಿಸು ಎಂದು ರಕ್ಷಕರಿಗೆಲ್ಲ ಎಳವೆಯಿಂದ ಕಲಿಸುವರು. ಗುದ್ದಿದ್ದರೆ ಏನಾಗುತ್ತಿತ್ತು? ಚೆಂಡು ಗುಂಪಿನ ಕಾಲಬುಡದಲ್ಲಿ ಉದುರುತ್ತಿತ್ತು. ಅಲ್ಲಿ ಕಾಳು ಆಯುವವರು ಕಾದಿದ್ದರು. ಹಿಡಿದುದರಿಂದ ಆ ಪ್ರಶ್ನೆಯೇ ಏಳಲಿಲ್ಲ. ಜೀವಮಾನವೆಲ್ಲ ನಿಯಮವನ್ನು ಪಾಲಿಸಿದವನಿಗೆ ಅದನ್ನು ಒಮ್ಮೆ ಮುರಿಯುವ ಅಧಿಕಾರ ಬರುವುದೆಂದು ವ್ಯಾಕರಣದ ಗುರುಗಳು ಹೇಳುತ್ತಿದ್ದುದು ನೆನಪಿಗೆ ಬರುತ್ತದೆ. ನಾವು ಹಾಗೆ ಮಾಡಿದರೆ ಅಪಪ್ರಯೋಗ, ಋಷಿಗಳು ಮಾಡಿದರೆ ಆರ್ಷಪ್ರಯೋಗ!

ಎಷ್ಟೇ ಜಾಗರೂಕನಾಗಿದ್ದರೂ ಕೆಲವು ದಿನ ಅವನಿಗೆ ಸಮಾಧಾನವಿಲ್ಲ. ೨೦೧೮ರ ಮಹಾಪಂದ್ಯದಲ್ಲಿ ಕಾಲಿಂಗ್‌ವುಡ್ ವೆಸ್ಟ್ ಕೋಸ್ಟಿನ ಮೇಲೆ ಅಲ್ಪ ಅಂತರದಿಂದ ಮುಂದಿತ್ತು. ಉಳಿದಿದ್ದುದು ಎರಡು ನಿಮಿಷಗಳ ಸುಮಾರು. ವೆಸ್ಟ್ ಕೋಸ್ಟಿನವರು ಒಬ್ಬರಿಂದೊಬ್ಬರಿಗೆ ಮಾರ್ಕಿನ ಮೇಲೆ ಮಾರ್ಕ್ ಹಿಡಿಯುತ್ತ ಬಂದು, ಕೊನೆಗೆ ಚೆಂಡನ್ನು ಮೂಲೆಯಲ್ಲಿದ್ದ ಡಾಮ್ ಷೀಡನಿಗೆ ಒದ್ದರು. ಕಾಲಿಂಗ್‌ವುಡ್ಡಿನ ರಕ್ಷಕ ಬ್ರೇಡನ್ ಮೇನಾರ್ಡ್ ಅವನ ಕಡೆಗೆ ಧಾವಿಸಿದನು. ವಿಲ್ಲಿ ರಿಯೋಲಿಯು ಅವನ ದಾರಿಗೆ ಅಡ್ಡವಾದನು. ಷೀಡನು ಮಾರ್ಕ್ ಹಿಡಿದು, ಗಡಿಗೆರೆಯ ಬಳಿಯ ಆ ಕಠಿನವಾದ ಕೋನದಿಂದ ಗೋಲು ಹೊಡೆದನು. ವೆಸ್ಟ್ ಕೋಸ್ಟಿಗೆ ಐದು ಅಂಕಗಳ ಗೆಲವು, ೭೯ಕ್ಕೆ ೭೪. ಅಡ್ಡವಾದುದು ತಪ್ಪಲ್ಲವೇ ಎಂಬ ಚರ್ಚೆ ಬಹಳ ಕಾಲ ನಡೆಯಿತು; ಅಂಪೈರರು ತಪ್ಪೆಂದು ಎಣಿಸಲಿಲ್ಲ, ಅಷ್ಟೆ. ಮೇನಾರ್ಡನಿಗೆ ಆಗ ಇಪ್ಪತ್ತೆರಡು ವರ್ಷ. ಐದು ವರ್ಷಗಳ ಮೇಲೆ, ೨೦೨೩ರಲ್ಲಿ, ಬ್ರಿಸ್ಬೇನಿನ ವಿರುದ್ಧ ೯೦ಕ್ಕೆ ೮೬ರಂತೆ ಕಾಲಿಂಗ್‌ವುಡ್ ಗೆದ್ದಾಗ ಅದೇ ಹಿಂಬದಿಯಲ್ಲಿ ಅವನೂ ಇದ್ದನು.

ಆದರೆ ಆ ಗೆಲವಿಗೆ ಮೂರು ವಾರ ಹಿಂದೆ ನಡೆದುದನ್ನು ಹೇಳದಿದ್ದರೆ ಈ ಲೇಖನವು ಅರ್ಧಸತ್ಯವಾಗುವುದು. ಮೆಲ್ಬೋರ್ನ್ ತಂಡದೊಡನೆ ನಡೆದ ಪಂದ್ಯದಲ್ಲಿ ಆಂಗಸ್ ಬ್ರೇಷಾ ಎಂಬವನು ಒದೆಯುತ್ತಿರುವಾಗ ಮೇನಾರ್ಡನು ಚೆಂಡನ್ನು ಅದುಮಲೆಂದು ಎದುರಿನಿಂದ ಮೇಲಕ್ಕೆ ನೆಗೆದನು. ಚೆಂಡು ದಾಟಿತು, ನೆಗೆದ ಮೈ ಮಾತ್ರ ಗಾಳಿಯಲ್ಲಿ ನಿಲ್ಲುವಂತಿರಲಿಲ್ಲ. ಮೇನಾರ್ಡನ ಹೆಗಲು ಬ್ರೇಷಾನ ತಲೆಗೆ ಬಡಿಯಿತು. ಅವನು ಪ್ರಜ್ಞೆ ತಪ್ಪಿ ಬಿದ್ದನು. ವಿಚಾರಣಾ ಮಂಡಲಿಯು ಮೇನಾರ್ಡನನ್ನು ನಿರ್ದೋಷಿಯೆಂದು ಬಿಟ್ಟಿತು. ಬ್ರೇಷಾನಿಗೆ ಹಿಂದೆಯೂ ತಲೆಗೆ ಪೆಟ್ಟುಗಳಾಗಿದ್ದುವು. ೨೦೨೪ರ ಫೆಬ್ರವರಿಯಲ್ಲಿ ವೈದ್ಯರ ಸಲಹೆಯಂತೆ ಅವನು ಆಟವನ್ನೇ ಬಿಡಬೇಕಾಯಿತು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಅದುಮುವುದಕ್ಕಾಗಿ ನೆಲಬಿಟ್ಟು ನೆಗೆದವನು ಎದುರಾಳಿಯ ತಲೆಗೆ ಬಡಿದರೆ ಹೊಣೆ ನೆಗೆದವನದೇ ಎಂದು ಆ ವರ್ಷ ನಿಯಮವನ್ನು ಬಿಗಿಮಾಡಿದರು. ಹೀತ್ ಷಾನ ಸ್ಮದರ್ ಹಿಂದಿನಿಂದ, ಕೆಳಗಿನಿಂದ ಬಂದಿತು. ಮೇನಾರ್ಡನದು ಎದುರಿನಿಂದ, ಮೇಲಿನಿಂದ. ಕೆಲಸದ ಹೆಸರು ಒಂದೇ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಮೆಚ್ಚುಗೆಯೊಂದಿಗೆ ಭಯವೂ ಆಗುವುದು. ಕಾಲುಗಳನ್ನು ನೆಲದಿಂದ ಬಿಡಬೇಡವೆಂಬ ಹಳೆಯ ಪಾಠವು ಬರಿಯ ಗೋಲನ್ನು ಉಳಿಸುವುದಕ್ಕಾಗಿ ಮಾತ್ರ ಹುಟ್ಟಿದುದಿರಬಹುದು. ಈಗ ಅದಕ್ಕೆ ಮತ್ತೊಂದು ಅರ್ಥವೂ ಬಂದಂತಾಯಿತು.

ಗೆದ್ದುಕೊಂಡ ಚೆಂಡನ್ನು ಏನು ಮಾಡುವನೆಂಬುದೂ ಒಂದು ಪರೀಕ್ಷೆ. ಗೋಲಿನ ಮುಂದುಗಡೆ ಅಡ್ಡಲಾಗಿ ಒದ್ದು ಎದುರಾಳಿಯ ಕೈಗೇ ಕೊಡುವವನು ಅದುವರೆಗೆ ಮಾಡಿದುದನ್ನೆಲ್ಲ ಹೊಳೆಯಲ್ಲಿ ಹಾಕಿದಂತೆ. ಈ ಸ್ಥಾನಕ್ಕೆ ಮರ್ಯಾದೆ ತಂದವನು ಬರ್ನಿ ಸ್ಮಿತ್. ದಕ್ಷಿಣ ಆಸ್ಟ್ರೇಲಿಯದವನು; ೧೯೪೮ರಲ್ಲಿ ಗೀಲಾಂಗಿಗೆ ಬಂದು ೧೮೩ ಪಂದ್ಯಗಳನ್ನಾಡಿದನು. ಬ್ಯಾಕ್ ಪಾಕೆಟ್ಟಿನವನು ತಡೆದು ಸುಮ್ಮನಾಗಬೇಕಾದುದಿಲ್ಲ, ಅಲ್ಲಿಂದಲೇ ಮುನ್ನುಗ್ಗುವಿಕೆಯನ್ನು ಆರಂಭಿಸಬಹುದೆಂದು ತೋರಿಸಿಕೊಟ್ಟನು. ೧೯೫೧ರಲ್ಲಿ ಅವನ ತಂಡಕ್ಕೆ ಪ್ರಶಸ್ತಿಯೂ ಅವನಿಗೆ ಬ್ರೌನ್‌ಲೋ ಪದಕವೂ ಒಟ್ಟಿಗೆ ಬಂದುವು. ೧೯೨೪ರಲ್ಲಿ ಮೊದಲಾದ ಈ ಪದಕವು ಪ್ರತಿ ಪಂದ್ಯದಲ್ಲಿಯೂ ಅಂಪೈರರು ಕೊಡುವ ಮತಗಳಿಂದ ನಿಶ್ಚಯವಾಗುವುದು. ಅಂಪೈರರ ಕಣ್ಣು ಸಹಜವಾಗಿಯೇ ಚೆಂಡಿನ ಸುತ್ತ ಇರುವವರ ಮೇಲೆ. ಮೂಲೆಯಲ್ಲಿರುವವನಿಗೆ ಅದು ದೊರೆಯುವುದು ದುರ್ಲಭ. ೧೯೮೫ರಲ್ಲಿ ಫುಟ್‌ಸ್ಕ್ರೇ ತಂಡದ ಬ್ರಾಡ್ ಹಾರ್ಡಿಗೂ, ೧೯೯೩ರಲ್ಲಿ ಎಸೆಂಡನ್ ತಂಡದ ಗ್ಯಾವಿನ್ ವಾಂಗನೀನನಿಗೂ ಬಂದಿತು. ವಾಂಗನೀನನಿಗೆ ಆಗ ಇಪ್ಪತ್ತೇ ವರ್ಷ. ಆದಿನಿವಾಸಿ ವಂಶದವರಲ್ಲಿ ಮುನ್ನೂರು ಪಂದ್ಯಗಳನ್ನು ಮುಟ್ಟಿದ ಮೊದಲಿಗನೂ ಮುಂದೆ ಅವನೇ ಆದನು. ಅಲ್ಲಿಂದೀಚಿನ ಪದಕಗಳು ಬಹುಮಟ್ಟಿಗೆ ನಡು ಅಂಗಳದವರ ಪಾಲು. ೧೯೯೬ರಲ್ಲಿ ಶತಮಾನದ ತಂಡವೆಂದು ಹದಿನೆಂಟು ಸ್ಥಾನಗಳಿಗೆ ಸಾರ್ವಕಾಲಿಕ ಶ್ರೇಷ್ಠರನ್ನು ಆರಿಸಿದಾಗ ಬ್ಯಾಕ್ ಪಾಕೆಟ್ಟಿಗೆ ಬರ್ನಿ ಸ್ಮಿತ್ತನನ್ನು ಮರೆಯಲಿಲ್ಲವೆಂಬುದು ಸಂತೋಷದ ವಿಷಯ.

ಒಬ್ಬನೇ ಎಲ್ಲವನ್ನೂ ಮಾಡಬಲ್ಲನೆಂದು ಯಾರೂ ತಿಳಿಯಬಾರದು. ಸಿಡ್ನಿಯ ನಿಕ್ ಸ್ಮಿತ್, ೨೦೧೨ರಲ್ಲಿ ಪ್ರಶಸ್ತಿ ಗೆದ್ದ ತಂಡದವನು, ಕುಳ್ಳ ಗೋಲುಗಾರರನ್ನು ಕಾಯುವುದರಲ್ಲಿಯೇ ಹೆಸರು ಪಡೆದು ೨೦೧೪ರಲ್ಲಿ ವರ್ಷದ ಅಖಿಲ ಆಸ್ಟ್ರೇಲಿಯ ತಂಡಕ್ಕೆ ಆಯ್ಕೆಯಾದನು. ಅದೇ ವರ್ಷದ ಮಹಾಪಂದ್ಯದಲ್ಲಿ ಹಾಥಾರ್ನ್ ತಂಡವು ಸಿಡ್ನಿಯ ಮೇಲೆ ೧೩೭ ಅಂಕಗಳನ್ನು ಗಳಿಸಿ ೬೩ರ ಅಂತರದಿಂದ ಗೆದ್ದಿತು. ಮುಂದಿನವರು ಒದೆಯುವವನನ್ನು ಪೀಡಿಸದೆ ಬಿಟ್ಟರೆ ಚೆಂಡು ಲೆಕ್ಕಹಾಕಿ ಬರುವುದು. ಹಾಗೆ ಬಂದ ಚೆಂಡಿನ ಮುಂದೆ ಎಂತಹ ಕಾವಲುಗಾರನೂ ನಿರುಪಾಯ. ಕೆರೆಯ ಏರಿ ಒಡೆದ ಮೇಲೆ ಗದ್ದೆಯ ಬದುವಿನ ಗಟ್ಟಿತನವನ್ನು ಪರೀಕ್ಷಿಸುವುದು ನ್ಯಾಯವಲ್ಲ.

೨೦೧೭ರಿಂದ ಸ್ತ್ರೀಯರಿಗೂ ರಾಷ್ಟ್ರಮಟ್ಟದ ಪಂದ್ಯಾವಳಿ ನಡೆಯುತ್ತಿರುವುದು. ಮಕ್ಕಳು ಆ ದೇಶದಲ್ಲಿ ನೆಲಸಿರುವ ವಾಚಕರು ನಮ್ಮಲ್ಲಿ ಹಲವರಿರಬಹುದು. ಅಂತಹವರು ಚಳಿಗಾಲದಲ್ಲಿ ಅತ್ತ ಹೋದಾಗ ಒಂದು ಪಂದ್ಯವನ್ನಾದರೂ ಮೈದಾನಕ್ಕೇ ಹೋಗಿ ನೋಡಬೇಕು. ದೂರದರ್ಶನದ ಯಂತ್ರವು ಚೆಂಡಿನ ಹಿಂದೆಯೇ ಹೋಗುವುದರಿಂದ ನಾವು ಹೇಳಿದವನು ಅದರಲ್ಲಿ ಕಾಣಿಸನು. ಗೋಲಿನ ಹಿಂಬದಿಯಲ್ಲಿ, ಸ್ವಲ್ಪ ಎತ್ತರದಲ್ಲಿ ಕುಳಿತುಕೊಳ್ಳಬೇಕು. ಒಂದು ಭಾಗವಿಡೀ ಚೆಂಡನ್ನು ಮರೆತು ಅವನೊಬ್ಬನನ್ನೇ ನೋಡಬೇಕು. ಚೆಂಡು ನೂರೈವತ್ತು ಮೀಟರಿನಾಚೆ ಇನ್ನೊಂದು ತುದಿಯಲ್ಲಿರುವಾಗ ಎಲ್ಲರೂ ಅತ್ತ ತಿರುಗಿ ಕೂಗುತ್ತಿರುವರು. ಅವನು ಎದುರಾಳಿಯ ಕಡೆಗೊಮ್ಮೆ ನೋಡಿ, ಎರಡು ಹೆಜ್ಜೆ ಸರಿದು, ಮುಂಗೈಯನ್ನು ಮೆಲ್ಲನೆ ಅವನಿಗೆ ತಾಗಿಸಿ ನಿಲ್ಲುವನು.